ಕೊಳಗ ಯಾರ ಕೈಯಲ್ಲಿ?

ಕೆಲಸಕ್ಕೆ ತಕ್ಕ ಕೂಲಿ ಎಂದು ನಾವೆಲ್ಲರೂ ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಯಾವ ಕೆಲಸಕ್ಕೆ ಯಾವ ಕೂಲಿ ತಕ್ಕದ್ದು, ಅದನ್ನು ತಕ್ಕದ್ದೆಂದು ಹೇಳಬೇಕಾದವರು ಯಾರು, ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಂಡೊಡನೆ ಈ ಸುಲಭದ ಮಾತು ಕಠಿನವಾಗುತ್ತದೆ. ಮೊದಲನೆಯ ಪ್ರಶ್ನೆಗೆ ಅರ್ಥಶಾಸ್ತ್ರಜ್ಞರು ನೂರಾರು ವರ್ಷಗಳಿಂದ ಉತ್ತರವನ್ನು ಹುಡುಕುತ್ತಿದ್ದಾರೆ, ಅವರಲ್ಲಿ ಒಮ್ಮತವಿಲ್ಲ. ಎರಡನೆಯದು ನಮ್ಮಂಥ ಸಾಮಾನ್ಯ ಪ್ರಜೆಗಳೂ ವಿಚಾರಿಸಬಹುದಾದ, ವಿಚಾರಿಸಲೇಬೇಕಾದ ಪ್ರಶ್ನೆ. ನಮ್ಮ ರಾಜ್ಯದ ಶಾಸಕರ ಸಂಬಳದ ಸಂಗತಿಯನ್ನು ಎದುರಿಗಿಟ್ಟುಕೊಂಡು ಈ ಎರಡನೆಯ ಪ್ರಶ್ನೆಯನ್ನು ಸ್ವಲ್ಪ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ನಾನು ಬಲ್ಲ ಸೀಮೆಯಿಂದಲೇ ಪ್ರಾರಂಭಿಸುತ್ತೇನೆ. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ಚಿಕ್ಕಮಗಳೂರು ಜಿಲ್ಲೆಗೆ ಸೇರಿದ ಊರುಗಳು. ಒಂದರಿಂದ ಇನ್ನೊಂದಕ್ಕೆ ಹೋಗಲು ಹೆಚ್ಚು ಹೊತ್ತು ಬೇಡ. ಆದರೂ ಮೂರರ ಮಣ್ಣು ಬೇರೆ, ಮಳೆ ಬೇರೆ, ದುಡಿಮೆ ಬೇರೆ. ಕಡೂರು ಬಯಲುಸೀಮೆ, ರಾಗಿ, ತೆಂಗು, ಮತ್ತು ಕೆಲವು ವರ್ಷಗಳಿಗೊಮ್ಮೆ ತಪ್ಪದೆ ಬರುವ ಬರಗಾಲ. ತರೀಕೆರೆ ಮಲೆನಾಡಿನ ಹೊಸ್ತಿಲು; ಆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ನಿಂತಿದೆ, ಸುತ್ತ ಅಡಿಕೆಯ ತೋಟಗಳಿವೆ. ಈಚಿನ ವರ್ಷಗಳಲ್ಲಿ ತಾಲ್ಲೂಕಿನ ಪದವಿ ಪಡೆದ ಅಜ್ಜಂಪುರದಲ್ಲಿ 1929ರಲ್ಲಿ ಸ್ಥಾಪಿತವಾದ ಅಮೃತಮಹಲ್ ತಳಿ ಸಂವರ್ಧನ ಕೇಂದ್ರವಿದೆ. ಊರ ಹೊರಗೆ ಈರುಳ್ಳಿಯ ಹೊಲಗಳು. ತೆಂಗಿನಕಾಯಿ ಸುಲಿಯುವವನು, ಅಡಿಕೆ ಸುಲಿಯುವವಳು, ಈರುಳ್ಳಿ ಕಿತ್ತು ಗರಿ ಕೊಯ್ಯುವವಳು, ಬೆಳಗಿನ ಜಾವ ಗಾಡಿ ಹತ್ತಿ ಕಾಫಿ ತೋಟಕ್ಕೆ ಹೋಗಿ ಕತ್ತಲಾದ ಮೇಲೆ ಮನೆಗೆ ಬರುವವಳು, ಇವರೆಲ್ಲ ಈ ಸೀಮೆಯ ದುಡಿಯುವ ಜನ.

ಇವರ ಕೂಲಿ ಹೇಗೆ ಗೊತ್ತಾಗುತ್ತದೆ? ತೋಟದವರು ಒಂದು ಮಾತು ಹೇಳುತ್ತಾರೆ. ಇವರು ಒಂದು ಮಾತು ಹೇಳುತ್ತಾರೆ. ಕೆಲಸದ ಸುಗ್ಗಿಯಾದರೆ ಇವರ ಮಾತು ನಾಲ್ಕು ಕಾಸು ಮೇಲಾಗುತ್ತದೆ. ಮಳೆ ಕೈಕೊಟ್ಟ ವರ್ಷ ಅವರು ಹೇಳಿದ್ದೇ ಮಾತು. ಏನೇ ಆದರೂ ಎದುರಿಗೆ ಇನ್ನೊಬ್ಬ ಮನುಷ್ಯನಿರುತ್ತಾನೆ. ಅವನು ಒಪ್ಪದೆ ಕೂಲಿ ಏರುವುದಿಲ್ಲ. ಸರ್ಕಾರದ ಕೆಲಸವಾದರೆ ಇಷ್ಟು ಮಾತುಕತೆಯೂ ಇಲ್ಲ. ಕೆರೆಯ ಹೂಳೆತ್ತುವ, ಹೊಲದ ಬದು ಹಾಕುವ ಉದ್ಯೋಗ ಖಾತರಿಯ ಕೆಲಸಕ್ಕೆ ದಿನಗೂಲಿಯನ್ನು ವರ್ಷಕ್ಕೊಮ್ಮೆ ದೆಹಲಿಯಲ್ಲಿ ಗೊತ್ತುಮಾಡುತ್ತಾ ಬಂದಿದ್ದಾರೆ. ಗುದ್ದಲಿ ಹಿಡಿದವರನ್ನು ಯಾರೂ ಕೇಳುವುದಿಲ್ಲ.

ಈಗ 2025ರ ವಸಂತಕ್ಕೆ ಬರೋಣ. ಆ ವರ್ಷ ಮಾರ್ಚ್ 21ರಂದು ಕರ್ನಾಟಕದ ವಿಧಾನಮಂಡಲವು ತನ್ನ ಸದಸ್ಯರ ಸಂಬಳಕ್ಕೆ ಸಂಬಂಧಿಸಿದ ತಿದ್ದುಪಡಿ ಮಸೂದೆಗಳನ್ನು ಅಂಗೀಕರಿಸಿತು. ಶಾಸಕರ ತಿಂಗಳ ಸಂಬಳ 40,000 ರೂಪಾಯಿಯಿಂದ 80,000ಕ್ಕೆ ಏರಿತು. ಮುಖ್ಯಮಂತ್ರಿಗಳದು 75,000ದಿಂದ 1,50,000ಕ್ಕೆ, ಮಂತ್ರಿಗಳದು 60,000ದಿಂದ 1,25,000ಕ್ಕೆ. ಮಾಜಿ ಸದಸ್ಯರ ನಿವೃತ್ತಿವೇತನ 50,000ದಿಂದ 75,000 ಆಯಿತು. ಇದಾದ ಹನ್ನೊಂದನೆಯ ದಿನ, ಏಪ್ರಿಲ್ 1ರಿಂದ, ಆಗ ಜಾರಿಯಲ್ಲಿದ್ದ ಮಹಾತ್ಮ ಗಾಂಧಿ ಉದ್ಯೋಗ ಖಾತರಿ ಕಾಯ್ದೆಯ ಮೇರೆಗೆ ಕರ್ನಾಟಕದ ದಿನಗೂಲಿ 349 ರೂಪಾಯಿಯಿಂದ 370ಕ್ಕೆ ಏರಿತು. ಒಂದು ಕಡೆ ನೂರಕ್ಕೆ ನೂರು. ಇನ್ನೊಂದು ಕಡೆ ಇಪ್ಪತ್ತೊಂದು ರೂಪಾಯಿ, ಎಂದರೆ ನೂರಕ್ಕೆ ಆರು.

ಲೆಕ್ಕ ಸರಳವಾಗಿದೆ. ಭತ್ಯೆಗಳನ್ನೆಲ್ಲ ಬದಿಗಿಟ್ಟು ಮೂಲ ಸಂಬಳವನ್ನು ಮಾತ್ರ ತೆಗೆದುಕೊಂಡರೂ ಶಾಸಕರ ಒಂದು ತಿಂಗಳ ಸಂಬಳ 216 ದಿನಗಳ ಕೂಲಿಗೆ ಸಮ. ಆ ಕಾಯ್ದೆ ಒಂದು ಕುಟುಂಬಕ್ಕೆ ವರ್ಷಕ್ಕೆ ಖಾತರಿ ಮಾಡಿದ್ದು 100 ದಿನಗಳ ಕೆಲಸ. ಆದ್ದರಿಂದ ಶಾಸಕರು ಒಂದು ತಿಂಗಳಲ್ಲಿ ಪಡೆಯುವುದನ್ನು ಕಡೂರಿನ ಕೂಲಿಯ ಕುಟುಂಬ ಈ ಖಾತರಿಯ ಕೆಲಸದಿಂದ ಪಡೆಯಬೇಕಾದರೆ ಎರಡು ವರ್ಷ ಕಳೆದು ಮೂರನೆಯದಕ್ಕೆ ಕಾಲಿಡಬೇಕಾಗುತ್ತಿತ್ತು. 2025ರ ಡಿಸೆಂಬರಿನಲ್ಲಿ ಆ ಕಾಯ್ದೆಯ ಸ್ಥಾನದಲ್ಲಿ 125 ದಿನಗಳ ಮಾತು ಕೊಡುವ ಹೊಸ ಕಾಯ್ದೆ ಬಂದಿತು. ದಿನಗಳು ಹೆಚ್ಚಾದವು; ಕೂಲಿಯನ್ನು ಗೊತ್ತುಮಾಡುವ ಕೈ ಮಾತ್ರ ದೆಹಲಿಯದಾಗಿಯೇ ಉಳಿಯಿತು.

ಇಷ್ಟು ಹೇಳಿ, "ನೋಡಿದಿರಾ ಅನ್ಯಾಯ!" ಎಂದು ಉದ್ಗರಿಸಿ ಲೇಖನವನ್ನು ಮುಗಿಸಿಬಿಡಬಹುದು. ಹಾಗೆ ಮುಗಿಸಿದರೆ ಅದು ವಿಚಾರವಾಗುವುದಿಲ್ಲ. ಹೊಟೇಲಿನಲ್ಲಿ ಕಾಫಿ ಕುಡಿಯುತ್ತಾ ಆಡುವ ಮಾತಾಗುತ್ತದೆ. ಆ ಮಾತಿನ ಕೊನೆಗೆ ಸಾಮಾನ್ಯವಾಗಿ ಒಂದು ಉಪದೇಶ ಬರುತ್ತದೆ: "ಜನಸೇವೆ ಮಾಡುವವರಿಗೆ ಸಂಬಳವೇಕೆ?" ಈ ಉಪದೇಶವನ್ನು ನಾನು ಒಪ್ಪಲಾರೆ. ಇದು ನೋಡಲು ಆದರ್ಶದ ಮಾತು. ಒಳಹೊಕ್ಕು ನೋಡಿದರೆ ಬಡವರಿಗೆ ಬಾಗಿಲು ಮುಚ್ಚುವ ಮಾತು.

ನಮ್ಮ ಚರಿತ್ರೆಯನ್ನೇ ನೋಡಬಹುದು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಇಂಡಿಯದ ದೇಶೀಯ ಸಂಸ್ಥಾನಗಳಲ್ಲಿ ಅದು ಗೌರವದ ಮೊದಲ ಹೆಜ್ಜೆ, ನಾವು ಹೆಮ್ಮೆಪಡಬೇಕಾದದ್ದೇ. ಆಗ ನಮ್ಮ ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರು. ಆದರೆ ಆ ಸಭೆಗೆ ಹೋದವರು ಯಾರು? ಜಮೀನುದಾರರು, ವರ್ತಕರು. ಮುಂದೆ ಚುನಾವಣೆ ಬಂದಾಗಲೂ ಆಸ್ತಿಯ ಅರ್ಹತೆ ಹೋಗಲಿಲ್ಲ. ಪ್ರಜೆಗಳ ಹೆಸರಿನಲ್ಲಿ ಕುಳಿತವರು ಕಂದಾಯ ಕಟ್ಟುವವರೇ ಹೊರತು ಅವರ ಹೊಲದಲ್ಲಿ ಗೇಯುವವರಲ್ಲ. ಬಿಡುವು ಇರುವವನಿಗೆ ಮಾತ್ರ ರಾಜಕಾರಣ ಸಾಧ್ಯವೆಂಬುದು ಆ ಕಾಲದ ನಿಯಮವಾಗಿತ್ತು.

ಇಂಗ್ಲೆಂಡಿನ ಕಥೆಯೂ ಇದೇ. 1838ರಲ್ಲಿ ಅಲ್ಲಿಯ ಕಾರ್ಮಿಕರು ಚಾರ್ಟಿಸ್ಟ್ ಚಳವಳಿಯ ಮೂಲಕ ಮುಂದಿಟ್ಟ ಆರು ಬೇಡಿಕೆಗಳಲ್ಲಿ ಪಾರ್ಲಿಮೆಂಟಿನ ಸದಸ್ಯರಿಗೆ ಸಂಬಳ ಕೊಡಬೇಕೆಂಬುದೂ ಒಂದು. ಗಣಿಯಲ್ಲಿ ದುಡಿಯುವವನು ಆರಿಸಿ ಬಂದರೆ ಅವನ ಹೆಂಡತಿ ಮಕ್ಕಳು ಏನು ತಿನ್ನಬೇಕು ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ದೊರೆತದ್ದು 1911ರಲ್ಲಿ; ಆಗ ಸದಸ್ಯರಿಗೆ ವರ್ಷಕ್ಕೆ 400 ಪೌಂಡುಗಳ ಸಂಬಳ ಗೊತ್ತಾಯಿತು. ಶಾಸಕರ ಸಂಬಳವೆಂಬುದು ಶ್ರೀಮಂತರು ತಮಗೆ ತಾವೇ ಮಾಡಿಕೊಂಡ ಏರ್ಪಾಡಲ್ಲ. ಕೂಲಿಗಾರರು ಎಪ್ಪತ್ತು ವರ್ಷಕ್ಕೂ ಮೀರಿ ಹೋರಾಡಿ ಪಡೆದ ಹಕ್ಕು. ಇದನ್ನು ನಾವು ಮರೆಯಬಾರದು.

ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯಿಂದ 1952ರಲ್ಲಿ ಆರಿಸಿ ಬಂದ ಶಾಂತವೇರಿ ಗೋಪಾಲಗೌಡರನ್ನು ಸ್ಮರಿಸಿಕೊಂಡರೆ ಈ ಹಕ್ಕಿನ ಬೆಲೆ ತಿಳಿಯುತ್ತದೆ. ಕಾಗೋಡು ಸತ್ಯಾಗ್ರಹದ ಗೇಣಿದಾರರ ನೋವನ್ನು ವಿಧಾನಸಭೆಗೆ ಕೊಂಡೊಯ್ದ ಆ ಸಮಾಜವಾದಿ ನಾಯಕರಿಗೆ ಹೇಳಿಕೊಳ್ಳುವಂಥ ಆಸ್ತಿಯಿರಲಿಲ್ಲ. 1962ರಲ್ಲಿಯೂ 1967ರಲ್ಲಿಯೂ ತೀರ್ಥಹಳ್ಳಿಯಿಂದ ಮತ್ತೆ ಆರಿಸಿಬಂದು 1972ರಲ್ಲಿ ತೀರಿಕೊಂಡಾಗಲೂ ಇರಲಿಲ್ಲ. ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿಯ ನಾಯಕನಿಗೆ ಅವರ ಬಾಳೇ ಪ್ರೇರಣೆಯೆಂದು ಸಾಹಿತ್ಯದ ಓದುಗರು ಬಲ್ಲರು. ಇಂಥವರು ಸಭೆಯಲ್ಲಿ ತಲೆಯೆತ್ತಿ ಮಾತನಾಡಬೇಕಾದರೆ ಊಟಕ್ಕಾಗಿ ಇನ್ನೊಬ್ಬರ ಮುಖ ನೋಡುವಂತಿರಬಾರದು. ಶಾಸಕರಿಗೆ ಸಂಬಳ ಬೇಕು. ಅದು ಮರ್ಯಾದೆಯಾಗಿ ಬಾಳುವಷ್ಟು ಇರಬೇಕು. ಈ ವಿಷಯದಲ್ಲಿ ನನಗೆ ಸಂಶಯವಿಲ್ಲ.

ಹಾಗಾದರೆ 80,000 ರೂಪಾಯಿ ಹೆಚ್ಚೆ? ಶಾಸಕರ ಪಕ್ಷದ ಮಾತನ್ನೂ ಕೇಳಬೇಕು. ಲಕ್ಕವಳ್ಳಿಯ ಕಾಡಂಚಿನಿಂದ ಅಜ್ಜಂಪುರದ ಆಚೆಯ ಬಯಲಿನವರೆಗೆ ಒಂದೇ ಕ್ಷೇತ್ರ. ದಿನ ಬೆಳಗಾದರೆ ಬಾಗಿಲಲ್ಲಿ ಜನ. ಒಬ್ಬರಿಗೆ ಆಸ್ಪತ್ರೆಯ ಖರ್ಚು, ಒಬ್ಬರಿಗೆ ಮಗಳ ಮದುವೆ, ಇನ್ನೊಂದು ಊರಿನವರಿಗೆ ದೇವಸ್ಥಾನದ ಜೀರ್ಣೋದ್ಧಾರ, ಯುವಕರಿಗೆ ಕಬಡ್ಡಿ ಪಂದ್ಯದ ಬಹುಮಾನ. ಲಗ್ನಪತ್ರಿಕೆ ತಂದುಕೊಡುವವರು ಬರಿಯ ಆಶೀರ್ವಾದವನ್ನು ನಿರೀಕ್ಷಿಸುವುದಿಲ್ಲ. ಶಾಸಕರು ಕಾನೂನು ಮಾಡಬೇಕಾದವರು ಎಂಬುದನ್ನು ನಾವೇ ಮರೆತು ಅವರನ್ನು ಊರಿನ ದೊಡ್ಡ ಧಣಿಯನ್ನಾಗಿ ಮಾಡಿಕೊಂಡಿದ್ದೇವೆ. ಧಣಿಯಾದ ಮೇಲೆ ಖರ್ಚು ತಪ್ಪದು. ಈ ಮಾತಿನಲ್ಲಿ ಸತ್ಯವಿದೆ. ಮನೆಯ ಬಾಗಿಲಿಗೆ ಬಂದವರ ಕೈಗೆ ಕೊಡುವ ದುಡ್ಡು ರಾಜಕಾರಣಕ್ಕೆ ಸಂದದ್ದೋ ಸಹಾಯಕ್ಕೆ ಸಂದದ್ದೋ ಎಂಬುದು ಬೇರೆ ಪ್ರಶ್ನೆ. ಆದರೆ ಆ ಖರ್ಚು ಇರುವುದು ನಿಜ. ಎಂಬತ್ತು ಸಾವಿರ ಹೆಚ್ಚೋ ಕಡಮೆಯೋ ಎಂಬ ಬಗ್ಗೆ ಬುದ್ಧಿವಂತರು ಎರಡು ಬಗೆಯಾಗಿಯೂ ವಾದಿಸಬಹುದು.

ಆದ್ದರಿಂದ ನನ್ನ ಆಕ್ಷೇಪಣೆ ಮೊತ್ತಕ್ಕಿಂತ ಹೆಚ್ಚಾಗಿ ಕ್ರಮದ ಮೇಲೆ. ಕಣದಲ್ಲಿ ರಾಶಿಯನ್ನು ಹಂಚುವಾಗ ಪಾಲುದಾರರಲ್ಲಿ ಒಬ್ಬನೇ ಕೊಳಗವನ್ನು ಹಿಡಿದು ತನ್ನ ಪಾಲನ್ನು ತಾನೇ ಅಳೆದುಕೊಂಡನೆನ್ನಿ. ಅವನು ಎಷ್ಟೇ ಪ್ರಾಮಾಣಿಕನಾಗಿರಲಿ, ಉಳಿದವರ ಕಣ್ಣು ಅವನ ಕೈಯ ಮೇಲೆಯೇ ಇರುತ್ತದೆ. ಶಾಸಕರ ಸಂಬಳದಲ್ಲಿ ಆಗುತ್ತಿರುವುದು ಇದು. ನಮ್ಮ ಸಂವಿಧಾನದ 195ನೆಯ ವಿಧಿ ರಾಜ್ಯದ ಶಾಸಕರ ಸಂಬಳ ಭತ್ಯೆಗಳನ್ನು ಆ ರಾಜ್ಯದ ವಿಧಾನಮಂಡಲವೇ ಕಾನೂನಿನ ಮೂಲಕ ಗೊತ್ತುಮಾಡಬೇಕೆಂದು ಹೇಳುತ್ತದೆ. ಅದರಂತೆ ನಮ್ಮಲ್ಲಿ 1956ರ ಕಾಯ್ದೆ ಬಂದಿತು. ಅಂದಿನಿಂದ ಅದಕ್ಕೆ ತಿದ್ದುಪಡಿಯ ಮೇಲೆ ತಿದ್ದುಪಡಿ ಬಂದಿದೆ. ಅದೇ ಸಂವಿಧಾನದ 43ನೆಯ ವಿಧಿ ದುಡಿಯುವವರೆಲ್ಲರಿಗೂ ಜೀವನಕ್ಕೆ ಸಾಕಾಗುವ ವೇತನ ದೊರೆಯುವಂತೆ ರಾಜ್ಯವು ಪ್ರಯತ್ನಿಸಬೇಕೆನ್ನುತ್ತದೆ. ಆದರೆ ಅದು ನಿರ್ದೇಶಕ ತತ್ವ; 37ನೆಯ ವಿಧಿಯ ಪ್ರಕಾರ ಅದನ್ನು ಹಿಡಿದು ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಒಂದೇ ಗ್ರಂಥದಲ್ಲಿ ಒಬ್ಬರ ಸಂಬಳ ಶಾಸನವಾಯಿತು, ಇನ್ನೊಬ್ಬರದು ಹಾರೈಕೆಯಾಯಿತು. ಸಂವಿಧಾನಕಾರರ ದೋಷವನ್ನು ಎಣಿಸುವುದು ನನ್ನ ಉದ್ದೇಶವಲ್ಲ. ಶಾಸನದ ಅಧಿಕಾರ ಪಡೆದವರು ಹಾರೈಕೆಯ ಕಡೆಗೂ ಅಷ್ಟೇ ಆಸಕ್ತಿಯಿಂದ ನೋಡುವರೆಂದು ಅವರು ನಂಬಿದ್ದಿರಬೇಕು.

ಕೂಲಿಗಾರನ ಕನಿಷ್ಠ ವೇತನ ಯಾವ ಕ್ರಮದಿಂದ ಗೊತ್ತಾಗುತ್ತಿತ್ತೆಂಬುದನ್ನು ನೋಡಿ. 1948ರ ಕನಿಷ್ಠ ವೇತನ ಕಾಯ್ದೆಯಂತೆ ಸರ್ಕಾರ ಒಂದೋ ಸಮಿತಿಯನ್ನು ನೇಮಿಸಿ ವಿಚಾರಣೆ ನಡೆಸಬೇಕು. ಇಲ್ಲವೆ ತನ್ನ ಪ್ರಸ್ತಾವವನ್ನು ಪ್ರಕಟಿಸಿ, ಆಕ್ಷೇಪಣೆಗಳಿಗೆ ಎರಡು ತಿಂಗಳಿಗೆ ಕಡಮೆಯಿಲ್ಲದ ಅವಕಾಶ ಕೊಡಬೇಕು. ಕೆಲಸ ಕೊಡುವವರೂ ಮಾಡುವವರೂ ಸಮಸಂಖ್ಯೆಯಲ್ಲಿರುವ ಮಂಡಲಿಯ ಸಲಹೆ ಕೇಳಬೇಕು. ಐದು ವರ್ಷ ಮೀರದಂತೆ ವೇತನವನ್ನು ಪುನಃ ವಿಮರ್ಶೆ ಮಾಡಬೇಕು. ಆ ಕಾಯ್ದೆಯ ಸ್ಥಾನಕ್ಕೆ 2025ರ ನವೆಂಬರಿನಲ್ಲಿ ವೇತನ ಸಂಹಿತೆ ಬಂದಿತಾದರೂ ಐದು ವರ್ಷದ ಮಾತು ಅದರಲ್ಲಿಯೂ ಉಳಿದಿದೆ. ಸರ್ಕಾರಿ ನೌಕರರ ಸಂಬಳಕ್ಕೂ ಒಂದು ಕ್ರಮವುಂಟು. ಕರ್ನಾಟಕದ ಏಳನೆಯ ವೇತನ ಆಯೋಗವನ್ನು 2022ರ ನವೆಂಬರಿನಲ್ಲಿ ನೇಮಿಸಿದರು. ವರದಿ ಬಂದದ್ದು 2024ರ ಮಾರ್ಚಿನಲ್ಲಿ. ಜಾರಿಯಾದದ್ದು ಆ ವರ್ಷದ ಆಗಸ್ಟಿನಿಂದ.

ಶಾಸಕರ ಸಂಬಳಕ್ಕೆ ಯಾವ ಕ್ರಮ? 2022ರ ಫೆಬ್ರವರಿಯಲ್ಲಿ ಅದು 25,000ದಿಂದ 40,000ಕ್ಕೆ ಏರಿತು. ಆಗ ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್ಸಿನವರು ಬೇರೊಂದು ವಿಷಯಕ್ಕಾಗಿ ಸಭೆಯಲ್ಲಿ ಧರಣಿ ನಡೆಸುತ್ತಿದ್ದರು. ಆ ಗದ್ದಲದ ನಡುವೆ ಮಸೂದೆ ಚರ್ಚೆಯಿಲ್ಲದೆ ಪಾಸಾಯಿತು. ಮೂರು ವರ್ಷ ಕಳೆದು 2025ರ ಮಾರ್ಚಿನಲ್ಲಿ ಪಕ್ಷಗಳು ಸ್ಥಾನ ಬದಲಿಸಿದ್ದವು. ಈಗ ಕಾಂಗ್ರೆಸ್ಸು ಆಡಳಿತದಲ್ಲಿ, ಭಾರತೀಯ ಜನತಾ ಪಕ್ಷ ಪ್ರತಿಭಟನೆಯಲ್ಲಿ. ಮತ್ತೆ ಗದ್ದಲ, ಮತ್ತೆ ಚರ್ಚೆಯಿಲ್ಲದ ಅಂಗೀಕಾರ. ಅದೇ ದಿನ ಹದಿನೆಂಟು ಸದಸ್ಯರನ್ನು ಆರು ತಿಂಗಳಿಗೆ ಅಮಾನತು ಮಾಡಲಾಯಿತು. ಮೇ ತಿಂಗಳಿನಲ್ಲಿ ಆ ಆಜ್ಞೆಯನ್ನು ಹಿಂದಕ್ಕೆ ಪಡೆದರು. ಪರಸ್ಪರ ಮುಖ ನೋಡಲಾರದಷ್ಟು ಸಿಟ್ಟಿನಲ್ಲಿದ್ದವರು ಈ ಒಂದು ಮಸೂದೆಗೆ ಅಡ್ಡಬರಲಿಲ್ಲ. ಸಂಬಳ ಹೆಚ್ಚಬೇಕಾದ ಕಾರಣಗಳಿದ್ದರೆ ಅವನ್ನು ಸಭೆಯಲ್ಲಿ ನಿಂತು ಗಟ್ಟಿಯಾಗಿ ಹೇಳಬಹುದಾಗಿತ್ತು. ನ್ಯಾಯವಾದ ಸಂಬಳಕ್ಕೆ ಗದ್ದಲದ ಮರೆ ಬೇಕಾಗುವುದಿಲ್ಲ.

ಭಾಷೆಯ ಅಭಿಮಾನಿಗಳು ಇಲ್ಲಿ ಇನ್ನೊಂದನ್ನು ಗಮನಿಸಬೇಕು. ಶಾಸಕರು ಪಡೆಯುವುದಕ್ಕೆ ಸಂಬಳ, ಭತ್ಯೆ, ನಿವೃತ್ತಿವೇತನ ಎಂಬ ಹೆಸರುಗಳಿವೆ. ಅವು ಹಕ್ಕಿನ ಮಾತುಗಳು. ಅಂಗನವಾಡಿಯ ಕಾರ್ಯಕರ್ತೆಗೆ ಕೊಡುವುದು 'ಗೌರವಧನ'. ಆಶಾ ಕಾರ್ಯಕರ್ತೆಗೆ ಗೌರವಧನದ ಜೊತೆಗೆ 'ಪ್ರೋತ್ಸಾಹಧನ'. ಕೇಳಲು ಇವು ಕೂಲಿಗಿಂತ ಸೊಗಸಾದ ಶಬ್ದಗಳು. ಆದರೆ ಗೌರವಧನವೆಂದು ಕರೆದೊಡನೆ ಅದು ವೇತನವಲ್ಲವೆಂದಾಯಿತು. ವೇತನವಲ್ಲದ ಮೇಲೆ ಕನಿಷ್ಠ ವೇತನದ ಪ್ರಶ್ನೆ ಹುಟ್ಟುವುದೇ ಇಲ್ಲ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕುಳಿತು ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದರು. ಅದು ಪೂರ್ಣವಾಗಿ ಈಡೇರಲಿಲ್ಲವೆಂದು ಆಗಸ್ಟಿನಲ್ಲಿ ಮತ್ತೆ ಧರಣಿ ಕುಳಿತರು. ಆ ವರ್ಷದ ಮಾರ್ಚ್ 7ರ ಬಜೆಟ್ಟಿನಲ್ಲಿ ಅಂಗನವಾಡಿ ಕಾರ್ಯಕರ್ತೆಯ ಗೌರವಧನ 1,000 ರೂಪಾಯಿಯೂ ಸಹಾಯಕಿಯದು 750 ರೂಪಾಯಿಯೂ ಏರಿದವು. ಎರಡು ವಾರದ ನಂತರ ಶಾಸಕರಿಗೆ ಏರಿದ್ದು 40,000. ಒಂದೇ ಬೊಕ್ಕಸ, ಒಂದೇ ತಿಂಗಳು.

ಶಾಸಕರು ಜನರಿಂದ ಆರಿಸಿಬಂದವರು, ಆದ್ದರಿಂದ ಅವರ ವಿಷಯ ಬೇರೆ ಎಂದು ಯಾರಾದರೂ ಹೇಳಬಹುದು. ಹಾಗಾದರೆ ಗ್ರಾಮ ಪಂಚಾಯಿತಿಯ ಸದಸ್ಯರೂ ಆರಿಸಿಬಂದವರೇ. ಅದೇ ಮತದಾರರೇ ಅವರಿಗೂ ಮತ ಹಾಕಿದ್ದಾರೆ. ಕುಡಿಯುವ ನೀರು ಬಾರದಿದ್ದರೆ, ಬೀದಿಯ ದೀಪ ಉರಿಯದಿದ್ದರೆ ಜನ ಮೊದಲು ತಟ್ಟುವುದು ಅವರ ಬಾಗಿಲನ್ನು. ಅವರಿಗೆ ಸಲ್ಲುವುದೂ ಗೌರವಧನವೇ. ಅದೂ ಕೆಲವೇ ಸಾವಿರ. ಅದನ್ನು ಅವರು ತಾವೇ ಗೊತ್ತುಮಾಡಿಕೊಳ್ಳುವಂತಿಲ್ಲ. ಆರಿಸಿಬಂದವರು ತಮ್ಮ ಸಂಬಳವನ್ನು ತಾವೇ ಬರೆದುಕೊಳ್ಳಬೇಕೆಂಬುದು ಪ್ರಜಾಪ್ರಭುತ್ವದ ತತ್ವವಾಗಿದ್ದರೆ ಅದು ಪಂಚಾಯಿತಿಯ ಕಟ್ಟೆಯ ಬಳಿ ಏಕೆ ನಿಂತುಹೋಯಿತು?

ಈ ಪುಟವನ್ನು ಓದುವವರಲ್ಲಿ ಉಪಾಧ್ಯಾಯರು ಅನೇಕರಿದ್ದಾರೆ. ಅವರಿಗೆ ನಿವೃತ್ತಿವೇತನದ ಮಾತು ಚೆನ್ನಾಗಿ ತಿಳಿಯುತ್ತದೆ. 2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯ ಸರ್ಕಾರದ ಸೇವೆಗೆ ಸೇರಿದವರನ್ನು ಹಳೆಯ ನಿಶ್ಚಿತ ಪಿಂಚಣಿಯಿಂದ ತೆಗೆದು ಹೊಸ ಪದ್ಧತಿಗೆ ಸೇರಿಸಲಾಯಿತು. ಇದರಲ್ಲಿ ನೌಕರನ ಸಂಬಳದಿಂದಲೂ ಹಣ ಹಿಡಿಯುತ್ತಾರೆ. ಕೊನೆಗೆ ಕೈಗೆ ಬರುವುದು ಮಾರುಕಟ್ಟೆಯ ಏರಿಳಿತವನ್ನು ನೋಡಿಕೊಂಡಿರುತ್ತದೆ. ಬೊಕ್ಕಸ ತಾಳಲಾರದೆಂಬುದು ಇದಕ್ಕೆ ಕೊಟ್ಟ ಕಾರಣ. ಅದೇ ಬೊಕ್ಕಸ ಮಾಜಿ ಶಾಸಕರ ನಿಶ್ಚಿತ ನಿವೃತ್ತಿವೇತನವನ್ನು ತಾಳಿಕೊಂಡಿತು. 2025ರಲ್ಲಿ ಅದರ ಅರ್ಧದಷ್ಟು ಏರಿಕೆಯನ್ನೂ ತಾಳಿಕೊಂಡಿತು. ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವರಿಗೆ ಹೇಳಿದ ಮಿತವ್ಯಯದ ಪಾಠವನ್ನು ಹೇಳಿದವರೂ ಕಲಿತಿದ್ದರೆ ಅದಕ್ಕೆ ಬೆಲೆ ಬರುತ್ತಿತ್ತು.

ಇನ್ನು ಮೊದಲು ಹೇಳಿದ ತತ್ವಕ್ಕೆ ಹಿಂದಿರುಗೋಣ. ಬಡವನೂ ಶಾಸಕನಾಗಬೇಕೆಂಬುದಕ್ಕಾಗಿ ಸಂಬಳ ಹುಟ್ಟಿತು. ಇಂದು ಆ ಬಡವನೆಲ್ಲಿ? ವಿಧಾನಸಭೆಯ ಚುನಾವಣೆಗೆ ಒಬ್ಬ ಅಭ್ಯರ್ಥಿ ಕಾನೂನಿನ ಪ್ರಕಾರ ಖರ್ಚುಮಾಡಬಹುದಾದ ಮಿತಿಯನ್ನು 2022ರಲ್ಲಿ ನಮ್ಮಂಥ ದೊಡ್ಡ ರಾಜ್ಯಗಳಿಗೆ 40 ಲಕ್ಷ ರೂಪಾಯಿ ಮಾಡಿದರು. ದಿನಕ್ಕೆ 370 ರೂಪಾಯಿಯ ಲೆಕ್ಕದಲ್ಲಿ, ವರ್ಷಕ್ಕೆ ನೂರು ದಿನದಂತೆ, ಅಜ್ಜಂಪುರದ ಕೂಲಿಯವಳು ಇಷ್ಟು ಹಣವನ್ನು ಗಳಿಸಬೇಕಾದರೆ 108 ವರ್ಷ ಬೇಕು. ಅದೂ ಉಣ್ಣದೆ ಉಡದೆ. ಅಭ್ಯರ್ಥಿಗಳು ಸಲ್ಲಿಸಿದ ಆಸ್ತಿಯ ವಿವರಗಳನ್ನು ಪರಿಶೀಲಿಸಿದ ಪ್ರಜಾತಾಂತ್ರಿಕ ಸುಧಾರಣೆಗಳ ಸಂಘದವರು, 2023ರಲ್ಲಿ ಗೆದ್ದು ಬಂದ ನಮ್ಮ ವಿಧಾನಸಭಾ ಸದಸ್ಯರಲ್ಲಿ ನೂರಕ್ಕೆ 97 ಮಂದಿ ಕೋಟ್ಯಧೀಶರೆಂದು ಪ್ರಕಟಿಸಿದರು. ಬಡವನಿಗಾಗಿ ತೆರೆದ ಬಾಗಿಲಿನಲ್ಲಿ ಬಡವ ಬರುವುದು ನಿಂತಿದೆ. ಬಾಗಿಲ ಖರ್ಚು ಮಾತ್ರ ಏರುತ್ತಿದೆ. ಸಂಬಳ ಏರಿದರೆ ಪ್ರಾಮಾಣಿಕರು ಬರುತ್ತಾರೆಂಬ ವಾದ ನಿಜವಾಗಬೇಕಾದರೆ ಮೊದಲು ಚುನಾವಣೆಯ ಖರ್ಚು ಇಳಿಯಬೇಕು.

ಪರಿಹಾರವೇನು? ದೋಷವನ್ನು ತೋರಿಸಿ ಸುಮ್ಮನಾಗುವುದು ಲೇಖಕನಿಗೆ ಸುಲಭ, ಓದುಗರಿಗೆ ನಿರರ್ಥಕ. ಬೇರೆ ದೇಶಗಳವರು ಇದೇ ತೊಡಕನ್ನು ಎದುರಿಸಿದ್ದಾರೆ. ಬ್ರಿಟನ್ನಿನಲ್ಲಿ ಸದಸ್ಯರ ಖರ್ಚುವೆಚ್ಚಗಳ ಹಗರಣ ಬಯಲಾದ ಮೇಲೆ 2009ರಲ್ಲಿ ಒಂದು ಸ್ವತಂತ್ರ ಪ್ರಾಧಿಕಾರವನ್ನು ಸ್ಥಾಪಿಸಿದರು. ಈಗ ಸದಸ್ಯರ ಸಂಬಳವನ್ನು ಗೊತ್ತುಮಾಡುವುದು ಅದೇ. 2015ರಲ್ಲಿ ಪಕ್ಷಗಳ ನಾಯಕರೇ ಬೇಡವೆಂದರೂ ಅದು ಸಂಬಳವನ್ನು 67,060 ಪೌಂಡುಗಳಿಂದ 74,000ಕ್ಕೆ ಏರಿಸಿತು. ಇದನ್ನು ಹೇಳುವ ಕಾರಣವೇನೆಂದರೆ, ಸ್ವತಂತ್ರ ಮಂಡಲಿಯೆಂದರೆ ಸಂಬಳ ಕಡಿಯುವ ಕತ್ತಿಯಲ್ಲ. ಹೆಚ್ಚಿಸಬೇಕೆಂದು ಕಂಡರೆ ಹೆಚ್ಚಿಸುತ್ತದೆ. ಆದರೆ ಕೊಳಗ ಇನ್ನೊಬ್ಬರ ಕೈಯಲ್ಲಿರುವುದರಿಂದ ಅಳತೆಯ ಮೇಲೆ ಅನುಮಾನ ಹುಟ್ಟುವುದಿಲ್ಲ. ಅಮೆರಿಕದ ಸಂವಿಧಾನದ 27ನೆಯ ತಿದ್ದುಪಡಿ, ಪ್ರತಿನಿಧಿಗಳ ಸಂಬಳದಲ್ಲಿ ಮಾಡಿದ ಬದಲಾವಣೆ ಮುಂದಿನ ಚುನಾವಣೆ ನಡೆಯುವವರೆಗೆ ಜಾರಿಗೆ ಬರಬಾರದೆನ್ನುತ್ತದೆ. 1789ರಲ್ಲಿ ಸೂಚಿತವಾದ ಅದು ಅಂಗೀಕಾರವಾದದ್ದು 1992ರಲ್ಲಿ. ಇನ್ನೂರು ವರ್ಷ ಕಾದರೂ ಮಾತು ಹಳಸಲಿಲ್ಲ. ನಮ್ಮ ಪಾರ್ಲಿಮೆಂಟು ಕೂಡ 2018ರಲ್ಲಿ ಸದಸ್ಯರ ಸಂಬಳವನ್ನು ಐದು ವರ್ಷಕ್ಕೊಮ್ಮೆ ಬೆಲೆಯೇರಿಕೆಯ ಸೂಚ್ಯಂಕಕ್ಕೆ ಹೊಂದಿಸುವ ಕಾನೂನು ಮಾಡಿತು. ಅದರಂತೆ 2023ರ ಏಪ್ರಿಲಿನಿಂದ ಅನ್ವಯವಾಗುವ ಹಾಗೆ ಒಂದು ಲಕ್ಷವಿದ್ದದ್ದು 1,24,000 ಆಯಿತು. ಐದು ವರ್ಷಕ್ಕೆ ನೂರಕ್ಕೆ ಇಪ್ಪತ್ತನಾಲ್ಕು. ನಮ್ಮ ರಾಜ್ಯದಲ್ಲಿ ಮೂರು ವರ್ಷಕ್ಕೆ ನೂರಕ್ಕೆ ನೂರು.

ಇವುಗಳ ಬೆಳಕಿನಲ್ಲಿ ನನಗೆ ಮೂರು ಸೂಚನೆಗಳು ತೋರುತ್ತವೆ. ಮೊದಲನೆಯದು, ಕೂಲಿಗಾರನ ವೇತನಕ್ಕೆ 1948ರ ಕಾಯ್ದೆ ಹೇಳಿದ ಕ್ರಮವನ್ನೇ ಶಾಸಕರ ಸಂಬಳಕ್ಕೂ ಅನ್ವಯಿಸಬೇಕು. ಶಾಸಕರಲ್ಲದವರ ಮಂಡಲಿಯೊಂದು ಪ್ರಸ್ತಾವವನ್ನು ಪ್ರಕಟಿಸಲಿ, ಎರಡು ತಿಂಗಳು ಜನರ ಆಕ್ಷೇಪಣೆಗಳನ್ನು ಕೇಳಲಿ. ಆ ಮಂಡಲಿಯಲ್ಲಿ ನಿವೃತ್ತ ನ್ಯಾಯಾಧೀಶರಿರಲಿ, ಲೆಕ್ಕ ಬಲ್ಲವರಿರಲಿ, ದುಡಿಯುವವರ ಕಡೆಯ ಒಬ್ಬರೂ ಇರಲಿ. ಎರಡನೆಯದು, ಸಭೆ ಒಪ್ಪಿದ ಏರಿಕೆ ಮುಂದಿನ ಸಭೆಗೆ ಸಲ್ಲಲಿ. ಕೈಯೆತ್ತಿದವರ ಜೇಬಿಗೆ ಅದೇ ತಿಂಗಳು ಬೀಳದಿರಲಿ. ಮೂರನೆಯದು, ಶಾಸಕರ ಸಂಬಳ ನೂರಕ್ಕೆ ಎಷ್ಟು ಏರಬೇಕೆಂಬುದು ರಾಜ್ಯದ ಕನಿಷ್ಠ ಕೂಲಿ ನೂರಕ್ಕೆ ಎಷ್ಟು ಏರಿತೆಂಬುದನ್ನು ಮೀರದಿರಲಿ. 2022-23ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ 309 ರೂಪಾಯಿ ಇತ್ತು. 2025ರ ಏಪ್ರಿಲಿಗೆ 370 ಆಯಿತು. ಸುಮಾರು ನೂರಕ್ಕೆ ಇಪ್ಪತ್ತು. ಈ ಅಳತೆಯಲ್ಲಿ 40,000 ರೂಪಾಯಿಯ ಸಂಬಳ 48,000ದ ಆಸುಪಾಸಿಗೆ ಬರುತ್ತಿತ್ತು. ಇದು ಸಾಲದೆಂದು ಶಾಸಕರಿಗೆ ತೋರಿದರೆ ಕೂಲಿಯನ್ನು ಹೆಚ್ಚಿಸುವ ಮಾರ್ಗ ಅವರಿಗೆ ತೆರೆದೇ ಇದೆ. ಆಗ ಅವರ ಸ್ವಾರ್ಥವೂ ಕೂಲಿಯವಳ ಹಿತವೂ ಒಂದೇ ಗಾಡಿಗೆ ಹೂಡಿದ ಎತ್ತುಗಳಾಗುತ್ತವೆ. ಇದಕ್ಕೆ ಸಂವಿಧಾನವನ್ನು ತಿದ್ದಬೇಕಾಗಿಲ್ಲ. ಕಾನೂನಿನ ಮೂಲಕ ಗೊತ್ತುಮಾಡಲಿ ಎಂದಷ್ಟೇ 195ನೆಯ ವಿಧಿ ಹೇಳುವುದರಿಂದ ವಿಧಾನಮಂಡಲ ತಾನೇ ಒಂದು ಕಾನೂನಿನಿಂದ ತನ್ನ ಕೈಯನ್ನು ಕಟ್ಟಿಕೊಳ್ಳಬಹುದು.

ತೀರ್ಪು ಹೇಳುವವರ ಮೇಲೆಯೂ ಒಂದು ಕಣ್ಣಿರಬೇಕೆಂಬ ತತ್ವಕ್ಕೂ ನಮ್ಮ ಸೀಮೆಗೂ ಒಂದು ಸಂಬಂಧವಿದೆ. 1952ರಲ್ಲಿ ತರೀಕೆರೆ ಕ್ಷೇತ್ರದ ಚುನಾವಣೆಯ ಬಗ್ಗೆ ಹುಟ್ಟಿದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 1954ರಲ್ಲಿ ತೀರ್ಮಾನವಾಯಿತು. ಟಿ. ಸಿ. ಬಸಪ್ಪ ಮತ್ತು ಟಿ. ನಾಗಪ್ಪ ಎಂಬ ಹೆಸರಿನ ಆ ಮೊಕದ್ದಮೆಯನ್ನು ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಚುನಾವಣಾ ನ್ಯಾಯಮಂಡಲಿಯ ತೀರ್ಪನ್ನು ಮೇಲಿನ ನ್ಯಾಯಾಲಯ ಎಷ್ಟರ ಮಟ್ಟಿಗೆ ಪರಿಶೀಲಿಸಬಹುದೆಂಬುದು ಅಲ್ಲಿಯ ಪ್ರಶ್ನೆ. ಪರಿಶೀಲಿಸುವ ಅಧಿಕಾರವುಂಟು, ಆ ಅಧಿಕಾರಕ್ಕೂ ಮಿತಿಯುಂಟು ಎಂದು ಕೋರ್ಟು ವಿವರಿಸಿತು. ನ್ಯಾಯ ಹೇಳುವವರಿಗೇ ಇಂಥ ಕಟ್ಟುಪಾಡು ಇರುವಾಗ ತಮ್ಮ ಸಂಬಳವನ್ನು ತಾವು ಬರೆದುಕೊಳ್ಳುವವರಿಗೆ ಏಕಿರಬಾರದು?

ಬಸವಣ್ಣನವರ ಅಕ್ಕ ನಾಗಮ್ಮನವರು ಐಕ್ಯರಾದರೆಂದು ನಂಬಲಾದ ಎಣ್ಣೆಹೊಳೆ ಇರುವುದು ತರೀಕೆರೆಯ ಬಳಿಯಲ್ಲಿಯೇ. ಆ ಶರಣರ ಕಾಲದ ಒಂದು ಕಥೆ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಆಯ್ದಕ್ಕಿ ಮಾರಯ್ಯ ದಿನವೂ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದವನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದ. ಅವನ ಹೆಂಡತಿ ಲಕ್ಕಮ್ಮ, ಹೆಚ್ಚಾದುದನ್ನು ತಂದ ಕಡೆಯೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ಎಲ್ಲರೂ ಮಾರಯ್ಯನಂತೆ ಬಾಳಬೇಕೆಂದು ನಾನು ಹೇಳಲಾರೆ. ಅದು ಶರಣರ ಎತ್ತರ. ಆದರೆ ಮಾರಯ್ಯನಿಗೆ ಮನೆಯ ಬಾಗಿಲಲ್ಲಿ ನಿಂತು, "ಇದು ನಮ್ಮ ಪಾಲಲ್ಲ" ಎನ್ನುವ ಲಕ್ಕಮ್ಮ ಇದ್ದಳು. ನಮ್ಮ ವಿಧಾನಸೌಧದ ಬಾಗಿಲಲ್ಲಿ ಆ ಕೆಲಸವನ್ನು ಮಾಡುವವರು ಯಾರೂ ಇಲ್ಲ. ಅದನ್ನು ಒಂದು ಮಂಡಲಿಗೆ ಒಪ್ಪಿಸುವ ಕಾನೂನನ್ನು ಶಾಸಕರೇ ಮಾಡಬೇಕು. ಮಾಡುವಿರಾ ಎಂದು ಅವರನ್ನು ಕೇಳಬೇಕಾದವರು ಕಡೂರು, ತರೀಕೆರೆ, ಅಜ್ಜಂಪುರಗಳ ಮತದಾರರು. ಮುಂದಿನ ಚುನಾವಣೆಯಲ್ಲಿ ಮನೆಯ ಬಾಗಿಲಿಗೆ ಬಂದು ಕೈಮುಗಿಯುವವರಿಗೆ ಕೇಳಲು ಈ ಒಂದು ಪ್ರಶ್ನೆಯನ್ನು ಇಟ್ಟುಕೊಂಡಿರೋಣ.